ಕಾಸಿಗೆ ತಕ್ಕ ಕ್ಯಾರಲ್

ದೀಪಾವಳಿಯ ಹಣತೆಗಳನ್ನು ತೊಳೆದು ಒಳಗಿಡುವ ಹೊತ್ತಿಗೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡುಗಳು ಶುರುವಾಗಿರುತ್ತವೆ. ಅಲ್ಲಿಂದ ಡಿಸೆಂಬರ್ 24ರ ಸಂಜೆ ಶಟರ್ ಎಳೆಯುವವರೆಗೂ ಅವೇ ಹದಿನೈದಿಪ್ಪತ್ತು ಹಾಡುಗಳು ತಿರುಗಿ ತಿರುಗಿ ಬರುತ್ತವೆ. ತರಕಾರಿ ಆರಿಸುವಾಗ, ಬಿಲ್ ಕೌಂಟರಿನ ಸಾಲಿನಲ್ಲಿ ನಿಂತಾಗ, ಬ್ಯಾಂಕಿಗೆ ಫೋನ್ ಮಾಡಿ ಕಾಯುವಾಗ, ಎಲ್ಲೆಲ್ಲೂ ಅವೇ. ಹೊಸದಾಗಿ ಬಂದ ಕನ್ನಡಿಗರಿಗೆ ಮೊದಲ ವರ್ಷ ಇದೆಲ್ಲ ಸೊಗಸು. ಎರಡನೇ ವರ್ಷ ಅಭ್ಯಾಸ. ಮೂರನೇ ವರ್ಷ ‘ಸಾಕಪ್ಪಾ ಸಾಕು’ ಅನ್ನುವ ಸ್ಥಿತಿ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದರೆ ಇದೇ ದೇಶದಲ್ಲಿ, ಇದೇ ತಿಂಗಳಲ್ಲಿ, ಜಗತ್ತಿನ ಅತ್ಯುತ್ತಮ ಗಾಯನವೃಂದಗಳು ಇದೇ ಹಬ್ಬದ ಹಾಡುಗಳನ್ನು ಹಾಡುತ್ತವೆ. ಅವುಗಳ ಒಳ್ಳೆಯ ರೆಕಾರ್ಡಿಂಗುಗಳೂ ಬೇಕಾದಷ್ಟಿವೆ. ಅಂಗಡಿಯ ಸ್ಪೀಕರು ನಮ್ಮ ಕಿವಿ ಕೆಡಿಸಿಬಿಟ್ಟಿರುವುದರಿಂದ ನಮ್ಮವರಲ್ಲಿ ಅನೇಕರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಲೆಕ್ಕಪತ್ರ ಬರೆದು ಬದುಕುವ ನಮ್ಮಂಥವರಿಗೆ ಇದರಲ್ಲಿ ಒಂದು ಲೆಕ್ಕವೂ ಕಾಣುತ್ತದೆ. ಕ್ರಿಸ್‌ಮಸ್ ಸಂಗೀತದಲ್ಲಿ ಕೆಟ್ಟ ಮಾಲು ಇಷ್ಟೊಂದು ಇರುವುದಕ್ಕೆ ಕಾರಣ ಸಂಗೀತದಲ್ಲಿಲ್ಲ, ಖರ್ಚು-ವೆಚ್ಚದ ಪಟ್ಟಿಯಲ್ಲಿದೆ.

ಒಡೆಯನಿಲ್ಲದ ಹಾಡು

ಯಾವುದೇ ರೆಕಾರ್ಡಿಂಗಿನಲ್ಲಿ ಎರಡು ಬಗೆಯ ಹಕ್ಕುಗಳಿರುತ್ತವೆ. ಒಂದು, ಹಾಡು ಬರೆದವರ ಮತ್ತು ರಾಗ ಹಾಕಿದವರ ಹಕ್ಕು. ಇನ್ನೊಂದು, ಅದನ್ನು ಧ್ವನಿಮುದ್ರಿಸಿದವರ ಹಕ್ಕು. ಬ್ರಿಟನ್ನಿನಲ್ಲಿ ಮೊದಲನೆಯದು ಬರೆದವರು ತೀರಿಕೊಂಡ ಮೇಲೆ 70 ವರ್ಷ ಉಳಿಯುತ್ತದೆ. ಎರಡನೆಯದು ಮೊದಲು 50 ವರ್ಷವಿತ್ತು, 2013ರಲ್ಲಿ ಅದನ್ನು 70ಕ್ಕೆ ಏರಿಸಿದರು. ಆದರೆ ಅಷ್ಟರಲ್ಲಾಗಲೇ ಅವಧಿ ಮುಗಿದಿದ್ದವಕ್ಕೆ, ಅಂದರೆ 1962ರ ಕೊನೆಯೊಳಗೆ ಬಿಡುಗಡೆಯಾಗಿದ್ದ ರೆಕಾರ್ಡುಗಳಿಗೆ, ಈ ಹೊಸ ರಕ್ಷಣೆ ಸಿಗಲಿಲ್ಲ.

ಈಗ ಕ್ರಿಸ್‌ಮಸ್ ಹಾಡುಗಳನ್ನು ನೋಡಿ. ‘ಸೈಲೆಂಟ್ ನೈಟ್’ 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಗಿಟಾರ್ ಜೊತೆ ಮೊದಲ ಬಾರಿ ಹಾಡಿದ್ದು. ‘ಜಿಂಗಲ್ ಬೆಲ್ಸ್’ ಅಮೆರಿಕದಲ್ಲಿ 1857ರಲ್ಲಿ ಅಚ್ಚಾದದ್ದು. ಅದರಲ್ಲಿ ಕ್ರಿಸ್‌ಮಸ್ ಎಂಬ ಮಾತೇ ಇಲ್ಲ, ಹಿಮದ ಮೇಲಿನ ಗಾಡಿ ಓಟದ ತಮಾಷೆ ಅಷ್ಟೆ. ಇವಕ್ಕೆಲ್ಲ ಈಗ ಒಡೆಯರಿಲ್ಲ. ಯಾರು ಬೇಕಾದರೂ ಒಂದು ಕೀಬೋರ್ಡು, ಒಂದು ಡ್ರಮ್ ಮೆಷಿನ್ನು ಇಟ್ಟುಕೊಂಡು ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ಕ್ಯಾರಲ್ ಮುಗಿಸಿ ಮಾರಬಹುದು. ರಾಯಧನ ಕೊಡಬೇಕಿಲ್ಲ, ಪ್ರಚಾರಕ್ಕೆ ಖರ್ಚಿಲ್ಲ. ಗಿರಾಕಿ ಪ್ರತಿ ಡಿಸೆಂಬರಿಗೆ ತಾನಾಗಿಯೇ ಬರುತ್ತಾನೆ, ಮುಖಪುಟದ ಹಿಮಗಂಬಳಿ ನೋಡಿ ಕೊಳ್ಳುತ್ತಾನೆ, ಹಾಡಿದ್ದು ಯಾರು ಎಂದು ಕೇಳುವುದಿಲ್ಲ. ಇಂಥ ವ್ಯಾಪಾರದಲ್ಲಿ ಗುಣಮಟ್ಟಕ್ಕೆ ಯಾರು ದುಡ್ಡು ಹಾಕುತ್ತಾರೆ? ಕಾಸಿಗೆ ತಕ್ಕ ಕಜ್ಜಾಯ!

ಹೊಸ ಹಾಡುಗಳ ವಿಷಯದಲ್ಲಿ ಇನ್ನೊಂದು ದಾರಿಯಿದೆ. ಜನಪ್ರಿಯ ಹಾಡನ್ನು ಅಪರಿಚಿತ ಗಾಯಕರಿಂದ ಆದಷ್ಟೂ ಮೂಲದಂತೆಯೇ ಹಾಡಿಸಿ, ‘ಐವತ್ತು ಕ್ರಿಸ್‌ಮಸ್ ಹಿಟ್‌ಗಳು’ ಎಂದು ದೊಡ್ಡಕ್ಷರದಲ್ಲಿ ಬರೆದು, ಮೂಲ ಗಾಯಕರ ಹೆಸರಿನ ಹಿಂದೆ ‘ಇವರು ಹಾಡಿದ್ದ’ ಎಂದು ಇರುವೆಯಂಥ ಅಕ್ಷರದಲ್ಲಿ ಸೇರಿಸುವುದು. ನಮ್ಮ ವಯಸ್ಸಿನವರಿಗೆ ಇದು ಹೊಸದೇನಲ್ಲ. 1980ರ ದಶಕದ ‘ಕವರ್ ವರ್ಷನ್’ ಕ್ಯಾಸೆಟ್‌ಗಳನ್ನು ಯಾರು ಮರೆತಾರು? ಹೊದಿಕೆಯ ಮೇಲೆ ಸಿನಿಮಾದ ಹೆಸರು, ಒಳಗೆ ಬೇರೆ ಯಾರದೋ ದನಿ. ಕಾನೂನು ಅದಕ್ಕೆ ದಾರಿ ಬಿಟ್ಟಿತ್ತು, ಮನೆಗೆ ಬಂದು ಟೇಪ್ ರೆಕಾರ್ಡರಿಗೆ ಹಾಕಿದ ಮೇಲಷ್ಟೇ ನಮಗೆ ಗೊತ್ತಾಗುತ್ತಿತ್ತು.

ಇನ್ನು ಕ್ರಿಸ್‌ಮಸ್ ಸಂಗೀತದ ಅತಿ ಕೆಟ್ಟ ರೆಕಾರ್ಡಿಂಗ್ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಬ್ರಿಟನ್ನಿನದಲ್ಲ, ಬೆಂಗಳೂರಿನದು. ಕಾರು ಹಿಂದಕ್ಕೆ ಬರುವಾಗ ‘ಜಿಂಗಲ್ ಬೆಲ್ಸ್’ ಕುಯ್ಯುತ್ತಿದ್ದ ಆ ರಿವರ್ಸ್ ಹಾರ್ನ್! ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನಲ್ಲೂ ಅದೇ ಚಿಪ್ಪು, ಅದೇ ರಾಗ. ಅದು ಕ್ರಿಸ್‌ಮಸ್ ಕಾಲದ ಹಾಡೆಂದು ತಿಳಿಯುವ ಮೊದಲೇ ನಮ್ಮಲ್ಲಿ ಎಷ್ಟೋ ಮಂದಿಗೆ ಅದು ‘ಹಿಂದೆ ಸರಿಯಿರಿ’ ಎಂಬ ಸೂಚನೆಯಾಗಿತ್ತು.

ಬೇಸಿಗೆಯಲ್ಲಿ ಹುಟ್ಟಿದ ಹಿಮ

ಹಾಗಾದರೆ ಅಂಗಡಿಯಲ್ಲಿ ಕೇಳುವ ಹಾಡುಗಳೆಲ್ಲ ಕೆಟ್ಟವೇ? ಅಲ್ಲ. ಕೆಲವು ಬಹಳ ಒಳ್ಳೆಯ ರೆಕಾರ್ಡಿಂಗುಗಳು, ಕೇಳಿಸುವ ರೀತಿಯಿಂದ ಹಾಳಾಗಿವೆ.

ಬಿಂಗ್ ಕ್ರಾಸ್ಬಿಯ ‘ವೈಟ್ ಕ್ರಿಸ್‌ಮಸ್’ ತೆಗೆದುಕೊಳ್ಳಿ. ಬರೆದವರು ಅರ್ವಿಂಗ್ ಬರ್ಲಿನ್, ರಷ್ಯಾದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ಧ್ವನಿಮುದ್ರಣವಾದದ್ದು 1942ರ ಮೇ 29ರಂದು, ಹಿಮವೇ ಬೀಳದ ಲಾಸ್ ಏಂಜಲಿಸ್‌ನಲ್ಲಿ. ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂದು ಗಿನ್ನೆಸ್ ಅಂದಾಜು ಮಾಡಿರುವ ಹಾಡು ಇದು. ಆದರೆ ಇಂದು ನಾವು ಕೇಳುವುದು ಹೆಚ್ಚಾಗಿ ಆ ರೆಕಾರ್ಡಿಂಗನ್ನಲ್ಲ. ಪ್ರತಿಗಳನ್ನು ಒತ್ತಿ ಒತ್ತಿ ಮೂಲ ಮಾಸ್ಟರ್ ಸವೆದುಹೋದದ್ದರಿಂದ 1947ರ ಮಾರ್ಚಿನಲ್ಲಿ ಅದೇ ವಾದ್ಯವೃಂದ, ಅದೇ ಸಹಗಾಯಕರನ್ನು ಮತ್ತೆ ಕರೆಸಿ, ಮೊದಲಿನಂತೆಯೇ ಹಾಡಿಸಿದರು. ಎರಡನ್ನೂ ಹುಡುಕಿ ಒಟ್ಟಿಗೆ ಕೇಳಿ ನೋಡಿ. ಆರಂಭದಲ್ಲಿ ಕೊಳಲು ಮತ್ತು ಸಣ್ಣ ಗಂಟೆಯಂಥ ಸೆಲೆಸ್ಟಾ ವಾದ್ಯ ಕೇಳಿಸಿದರೆ ಅದು 1947ರದು. ಎರಡೂ ಹಳೆಯವಾದ್ದರಿಂದ ರೆಕಾರ್ಡಿಂಗಿನ ಹಕ್ಕು ಬ್ರಿಟನ್ನಿನಲ್ಲಿ ಮುಗಿದಿದೆ. ಹಾಗಾಗಿ ಕಂಡಕಂಡವರು ಕಂಡಂತೆ ಮರುಮುದ್ರಣ ಮಾಡುತ್ತಾರೆ. ಗರಗರ ಸದ್ದು ತೆಗೆಯಲು ಹೋಗಿ ಗಾಯಕನ ಉಸಿರನ್ನೂ ತೆಗೆದುಬಿಟ್ಟ ಪ್ರತಿಗಳು ಒಂದೆರಡಲ್ಲ.

‘ವ್ಹಾಮ್’ ಜೋಡಿಯ ‘ಲಾಸ್ಟ್ ಕ್ರಿಸ್‌ಮಸ್’ ಕೂಡ ಬೇಸಿಗೆಯ ಕೂಸೇ. 1984ರ ಆಗಸ್ಟಿನಲ್ಲಿ ಲಂಡನ್ನಿನ ಸ್ಟುಡಿಯೊದಲ್ಲಿ ಹಬ್ಬದ ಅಲಂಕಾರ ಮಾಡಿಸಿಕೊಂಡು ಜಾರ್ಜ್ ಮೈಕಲ್ ವಾದ್ಯಗಳನ್ನೆಲ್ಲ ತಾನೊಬ್ಬನೇ ನುಡಿಸಿದ. ಅದರಲ್ಲಿರುವುದೂ ಸಿಂಥಸೈಸರ್ ಮತ್ತು ಡ್ರಮ್ ಮೆಷಿನ್ನೇ. ಆದರೂ ಅದು ಹಿಡಿಸುತ್ತದೆ. ಆ ಯಂತ್ರಗಳ ಹಿಂದೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಕೇಳಿಸುತ್ತದಲ್ಲ, ಅದಕ್ಕೆ. ಅದರ ರಾಯಧನ ಇಥಿಯೋಪಿಯಾದ ಬರ ಪರಿಹಾರಕ್ಕೆ ಹೋಯಿತು. ಆ ವರ್ಷ ಎರಡನೇ ಸ್ಥಾನದಲ್ಲಿ ನಿಂತಿದ್ದ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 2021ರ ಜನವರಿಯಲ್ಲಿ. ಆ ಹೊತ್ತಿಗೆ ಜಾರ್ಜ್ ಮೈಕಲ್ ಇರಲಿಲ್ಲ. 2016ರ ಕ್ರಿಸ್‌ಮಸ್ ದಿನವೇ ತೀರಿಕೊಂಡಿದ್ದ.

ಕೇಂಬ್ರಿಜಿನ ಒಂಟಿ ದನಿ

ಕ್ಯಾರಲ್‌ಗಳ ವಿಷಯಕ್ಕೆ ಬಂದರೆ ಅಳತೆಗೋಲು ಕೇಂಬ್ರಿಜಿನ ಕಿಂಗ್ಸ್ ಕಾಲೇಜು. ಹದಿನಾರು ಬಾಲಕರು, ಹದಿನಾಲ್ಕು ಮಂದಿ ಕಾಲೇಜು ವಿದ್ಯಾರ್ಥಿಗಳು, ಆರ್ಗನ್ ನುಡಿಸುವವರು, ಇಷ್ಟೇ ಬಳಗ. ಮೊದಲ ಮಹಾಯುದ್ಧ ಮುಗಿದ ವರ್ಷ, 1918ರ ಡಿಸೆಂಬರ್ 24ರಂದು, ಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿದ್ದ ಎರಿಕ್ ಮಿಲ್ನರ್ ವೈಟ್ ಇಲ್ಲಿ ಒಂಬತ್ತು ವಾಚನ ಮತ್ತು ಕ್ಯಾರಲ್‌ಗಳ ಆರಾಧನೆ ಆರಂಭಿಸಿದರು. 1928ರಲ್ಲಿ ಬಿಬಿಸಿ ಅದನ್ನು ರೇಡಿಯೊದಲ್ಲಿ ಪ್ರಸಾರ ಮಾಡಿತು. 1930 ಒಂದನ್ನು ಬಿಟ್ಟರೆ ಪ್ರಸಾರ ತಪ್ಪಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಿಟಕಿಯ ಗಾಜುಗಳನ್ನು ಬಿಚ್ಚಿಟ್ಟಿದ್ದ ಆ ಚಾಪೆಲಿನ ಚಳಿಯಿಂದಲೂ ಪ್ರಸಾರವಾಯಿತು. ಶತ್ರುವಿಗೆ ತಿಳಿಯಬಾರದೆಂದು ಸ್ಥಳದ ಹೆಸರು ಹೇಳುತ್ತಿರಲಿಲ್ಲ.

ಆರಂಭದ ಹಾಡಿನ ಮೊದಲ ಚರಣವನ್ನು ಒಬ್ಬ ಬಾಲಕ ಯಾವ ವಾದ್ಯವೂ ಇಲ್ಲದೆ ಒಂಟಿಯಾಗಿ ಹಾಡಬೇಕು. ಯಾರು ಹಾಡಬೇಕೆಂದು ನಿರ್ದೇಶಕರು ಕೈ ತೋರಿಸುವುದು ನೇರ ಪ್ರಸಾರದ ಕೊನೆಯ ಕ್ಷಣದಲ್ಲಿ. ಮೊದಲೇ ಹೇಳಿದರೆ ಹುಡುಗ ಹೆದರುತ್ತಾನೆ ಎಂಬ ಎಚ್ಚರ. ಸುಮಾರು 88 ಮೀಟರ್ ಉದ್ದ, 24 ಮೀಟರ್ ಎತ್ತರದ ಕಲ್ಲಿನ ಚಾಪೆಲ್. ಒಂದು ಸ್ವರ ಹೊರಟರೆ ಮೇಲೇರಿ, ತಿರುಗಿ ಇಳಿದು, ನಿಧಾನವಾಗಿ ಕರಗುತ್ತದೆ. ರೆಕಾರ್ಡಿಂಗ್ ಎಂಜಿನಿಯರಿನ ಪರೀಕ್ಷೆ ಇಲ್ಲಿಯೇ. ಮೈಕನ್ನು ಬಾಯಿಗೆ ಹತ್ತಿರ ಇಟ್ಟರೆ ಕಟ್ಟಡ ಮಾಯ, ದೂರ ಇಟ್ಟರೆ ಮಾತು ಮಾಯ. 1957ರಿಂದ 1974ರವರೆಗೆ ನಿರ್ದೇಶಕರಾಗಿದ್ದ ಡೇವಿಡ್ ವಿಲ್‌ಕಾಕ್ಸ್ ಕಾಲದ ಧ್ವನಿಮುದ್ರಿಕೆಗಳು ಈ ಎರಡರ ನಡುವಿನ ಹದವನ್ನು ಹಿಡಿದವು. ಇಂದು ಬ್ರಿಟನ್ನಿನ ಶಾಲೆ, ಚರ್ಚುಗಳಲ್ಲಿ ಕೊನೆಯ ಚರಣದ ಮೇಲೆ ಬಾಲಕರ ದನಿ ಇನ್ನೊಂದು ರಾಗವಾಗಿ ಎತ್ತರಕ್ಕೆ ಹಾರುತ್ತದಲ್ಲ, ಆ ಪದ್ಧತಿ ಹಬ್ಬಿದ್ದು ಹೆಚ್ಚಾಗಿ 1961ರಲ್ಲಿ ಅವರು ರೆಜಿನಾಲ್ಡ್ ಜಾಕ್ಸ್ ಜೊತೆ ಸಂಪಾದಿಸಿದ ‘ಕ್ಯಾರಲ್ಸ್ ಫಾರ್ ಕ್ವಾಯರ್ಸ್’ ಪುಸ್ತಕದಿಂದ.

ಊರಿನಲ್ಲಿರುವ ಓದುಗರೂ ಇದನ್ನು ಕೇಳಬಹುದು. ಡಿಸೆಂಬರ್ 24ರ ಮಧ್ಯಾಹ್ನ 3 ಗಂಟೆ ಎಂದರೆ ಕರ್ನಾಟಕದಲ್ಲಿ ರಾತ್ರಿ ಎಂಟೂವರೆ. ಬಿಬಿಸಿ ಟಿವಿಯಲ್ಲಿ ಬರುವ ಕಿಂಗ್ಸ್ ಕಾರ್ಯಕ್ರಮ ಬೇರೆ, ಅದು ಮೊದಲೇ ಚಿತ್ರೀಕರಿಸಿಟ್ಟದ್ದು. ರೇಡಿಯೊದ್ದರಲ್ಲಿ ಯಾರೋ ಕೆಮ್ಮುತ್ತಾರೆ, ಸಾವಿರ ಜನ ಒಟ್ಟಿಗೆ ಏಳುವ ಸದ್ದು ಕೇಳುತ್ತದೆ. ನಮಗೆ ಅದೇ ಇಷ್ಟ.

ಸಾಲ ತೀರಿಸಿದ ಸಂಗೀತ

ಒಂದೇ ಕೃತಿಯ ಎರಡು ರೆಕಾರ್ಡಿಂಗುಗಳು ಎಷ್ಟು ದೂರ ನಿಲ್ಲಬಹುದೆಂದು ತಿಳಿಯಲು ಹ್ಯಾಂಡೆಲ್‌ನ ‘ಮೆಸ್ಸಾಯ’ ಕೇಳಬೇಕು. ಇದರ ಮೊದಲ ಪ್ರದರ್ಶನ 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ, ಅಂದರೆ ಈಸ್ಟರ್ ಆಸುಪಾಸಿನಲ್ಲಿ. ಕ್ರಿಸ್‌ಮಸ್ ಜೊತೆ ಅಂಟಿಕೊಂಡದ್ದು ಆಮೇಲೆ. ಜನ ಹೆಚ್ಚು ಸೇರಲೆಂದು ಹೆಂಗಸರು ಅಗಲ ಲಂಗದ ಬಳೆ ಬಿಟ್ಟು, ಗಂಡಸರು ಕತ್ತಿ ಬಿಟ್ಟು ಬರಬೇಕೆಂದು ಕೋರಿದ್ದರು. ಬಂದ ಹಣ ಎರಡು ಆಸ್ಪತ್ರೆಗಳಿಗೆ ಮತ್ತು ಸಾಲ ತೀರಿಸಲಾಗದೆ ಜೈಲು ಸೇರಿದ್ದವರಿಗೆ ಹೋಯಿತು. 142 ಮಂದಿ ಬಿಡುಗಡೆಯಾದರು. ಲೆಕ್ಕಿಗರಾದ ನಮಗೆ ಸಂಗೀತದ ಇತಿಹಾಸದಲ್ಲಿ ಇದಕ್ಕಿಂತ ಚೆಂದದ ಜಮಾ-ಖರ್ಚು ಕಂಡಿಲ್ಲ.

ಥಾಮಸ್ ಬೀಚಮ್ 1959ರಲ್ಲಿ ಧ್ವನಿಮುದ್ರಿಸಿದ ‘ಮೆಸ್ಸಾಯ’ದಲ್ಲಿ ತಾಳದ ತಟ್ಟೆ, ಟ್ರಯಾಂಗಲ್ ಎಲ್ಲ ಸೇರಿದ ದೊಡ್ಡ ವಾದ್ಯವೃಂದವಿದೆ. ದಸರಾ ಮೆರವಣಿಗೆಯ ಗತ್ತು. ಕ್ರಿಸ್ಟೊಫರ್ ಹಾಗ್‌ವುಡ್ ಅವರ 1980ರ ರೆಕಾರ್ಡಿಂಗಿನಲ್ಲಿ ಹ್ಯಾಂಡೆಲ್ ಕಾಲದ ಮಾದರಿಯ ವಾದ್ಯಗಳು, ಸಣ್ಣ ವೃಂದ, ಬಾಲಕರ ದನಿ. 1754ರಲ್ಲಿ ಲಂಡನ್ನಿನ ಅನಾಥಾಲಯದ ಸಹಾಯಾರ್ಥ ನಡೆದ ಪ್ರದರ್ಶನವನ್ನು ಅನುಸರಿಸಿದ್ದು. ಮನೆಯ ಹಜಾರದಲ್ಲಿ ಕೂತು ಕೇಳುವ ಕಛೇರಿಯ ಹಾಗೆ. ಎರಡೂ ಒಳ್ಳೆಯವೇ, ಎರಡರಲ್ಲೂ ಒಂದು ನಂಬಿಕೆಯಿದೆ. ಕೆಟ್ಟದ್ದು ಯಾವುದೆಂದರೆ, ‘ಹಲೆಲೂಯಾ’ ಭಾಗವನ್ನಷ್ಟೇ ಕತ್ತರಿಸಿ ಡಿಸ್ಕೌಂಟ್ ಜಾಹೀರಾತಿಗೆ ಅಂಟಿಸುವುದು. ಅಸಲಿಗೆ ಆ ಭಾಗ ಬರುವುದು ಯೇಸುವಿನ ಜನನದ ಪ್ರಸಂಗದಲ್ಲಲ್ಲ, ಮರಣ ಮತ್ತು ಪುನರುತ್ಥಾನಗಳನ್ನು ಹೇಳುವ ಎರಡನೇ ಭಾಗದ ಕೊನೆಯಲ್ಲಿ.

ಗಂಭೀರ ಸ್ಥಳದಲ್ಲಿ ಹಾಡಿದರೆ ಮಾತ್ರ ಒಳ್ಳೆಯ ರೆಕಾರ್ಡಿಂಗ್ ಆಗುತ್ತದೆ ಎಂದೇನಿಲ್ಲ. ಶೆಫೀಲ್ಡ್ ಪಕ್ಕದ ಡಂಗ್‌ವರ್ತ್ ಮುಂತಾದ ಹಳ್ಳಿಗಳ ಪಬ್ಬುಗಳಲ್ಲಿ ನವೆಂಬರಿನಿಂದ ಡಿಸೆಂಬರ್ 26ರವರೆಗೆ ಜನ ಸೇರಿ ಹಳೆಯ ಕ್ಯಾರಲ್‌ಗಳನ್ನು ಗಂಟಲು ಬಿಚ್ಚಿ ಹಾಡುತ್ತಾರೆ. ಕುರುಬರ ಕಥೆ ಹೇಳುವ ಒಂದೇ ಕ್ಯಾರಲ್‌ಗೆ ಅಲ್ಲಿ ಹಲವು ರಾಗಗಳು. ವಿಕ್ಟೋರಿಯಾ ಕಾಲದಲ್ಲಿ ಚರ್ಚುಗಳಿಗೆ ಆರ್ಗನ್ ಬಂದು ಊರ ಗಾಯಕರು, ಪಿಟೀಲಿನವರು ಹೊರಬಿದ್ದಾಗ ಅವರ ಹಾಡುಗಳು ಪಬ್ಬಿನಲ್ಲಿ ಉಳಿದುಕೊಂಡವು. ಜಾನಪದ ವಿದ್ವಾಂಸ ಇಯಾನ್ ರಸೆಲ್ ದಶಕಗಳ ಕಾಲ ಅವನ್ನು ದಾಖಲಿಸಿದ್ದಾರೆ. ಲೋಟಗಳ ಸದ್ದು, ನಗು, ಶ್ರುತಿ ಬಿಟ್ಟ ಒಂದೆರಡು ದನಿ ಎಲ್ಲವೂ ಇರುವ ಹಾಡುಗಾರಿಕೆ ಅದು. ಆದರೂ ಕೇಳುತ್ತಿದ್ದರೆ ನಾವೂ ಒಂದು ಮೂಲೆಯಲ್ಲಿ ನಿಂತು ದನಿಗೂಡಿಸಬೇಕು ಅನ್ನಿಸುತ್ತದೆ.

ಕಿವಿಗೆ ಐದು ಪರೀಕ್ಷೆ

ಹಾಗಾದರೆ ಕೊಳ್ಳುವಾಗ, ಕೇಳುವಾಗ ಗುರುತಿಸುವುದು ಹೇಗೆ? ನಮ್ಮ ಮನೆಯಲ್ಲಿ ನಾವು ಇಟ್ಟುಕೊಂಡಿರುವ ಐದು ಪ್ರಶ್ನೆಗಳಿವು.

ಒಂದು: ಹಾಡಿದವರ ಹೆಸರು, ವರ್ಷ, ಸ್ಥಳ ಬರೆದಿದೆಯೇ? ಹೆಸರು ಹೇಳಲು ನಾಚುವ ಮಾಲು ಹೆಚ್ಚಾಗಿ ಕೇಳಲೂ ಹಾಗೆಯೇ ಇರುತ್ತದೆ.

ಎರಡು: ಗಾಯಕರು ಉಸಿರೆಳೆಯುವುದು ಕೇಳುತ್ತದೆಯೇ? ಉಸಿರೇ ಇಲ್ಲದ ಹಾಡು ಕತ್ತರಿ ಆಡಿಸಿದ ಹಾಡು.

ಮೂರು: ಮಾತು ತಿಳಿಯುತ್ತದೆಯೇ? ಕ್ಯಾರಲ್ ಎಂದರೆ ಕಥೆ. ಕಥೆ ಕೇಳಿಸದಿದ್ದರೆ ಹರಿಕಥೆಯಲ್ಲಿ ಬರೀ ಹಾರ್ಮೋನಿಯಂ ಕೇಳಿದಂತೆ.

ನಾಲ್ಕು: ಮೆಲುದನಿ ಮತ್ತು ಏರುದನಿಗಳ ನಡುವೆ ವ್ಯತ್ಯಾಸ ಇದೆಯೇ? ಅಂಗಡಿಗಾಗಿ ತಯಾರಾದ ರೆಕಾರ್ಡಿಂಗಿನಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿ ಕೂಗುತ್ತದೆ.

ಐದು: ಕೊನೆಯ ಸ್ವರದ ನಂತರ ಒಂದೆರಡು ಕ್ಷಣ ಮೌನ ಬಿಟ್ಟಿದ್ದಾರೆಯೇ? ಕಟ್ಟಡದಲ್ಲಿ ಸ್ವರ ಕರಗುವವರೆಗೆ ಕಾಯುವ ತಾಳ್ಮೆ ಇರುವವರು ಉಳಿದದ್ದನ್ನೂ ಸರಿಯಾಗಿಯೇ ಮಾಡಿರುತ್ತಾರೆ.

ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತವನ್ನೂ, ಅದನ್ನೇ ಬೀದಿ ಕೊನೆಯ ಒಡಕು ಲೌಡ್‌ಸ್ಪೀಕರಿನಲ್ಲೂ ಕೇಳಿ ಬೆಳೆದ ನಮಗೆ ಈ ಪರೀಕ್ಷೆ ಕಷ್ಟವೇನಲ್ಲ.

ಇದೆಲ್ಲ ಬರೀ ರಸಿಕರ ಹರಟೆಯಲ್ಲ. ಇಲ್ಲಿಗೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ರಜೆಯಲ್ಲಿ ಪೂರ್ತಿ. ಡಿಸೆಂಬರಿನಲ್ಲಿ ಅಂಗಡಿ, ಗೋದಾಮುಗಳಲ್ಲಿ ನಿಂತು ದುಡಿಯುವ ಅವರಿಗೆ ದಿನಕ್ಕೆ ಎಂಟು ಗಂಟೆ ಆ ಪಟ್ಟಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ಬಾಡಿಗೆ ಕೋಣೆಗೆ ಒಬ್ಬರೇ ಮರಳುವಾಗ ಕಿವಿಯಲ್ಲಿ ಉಳಿಯುವುದು ಆ ಗದ್ದಲ ಮಾತ್ರ. ಅಂಥವರಿಗೆ ನಾವು ಹೇಳುವುದು ಇಷ್ಟು: ಒಂದು ಸಂಜೆ ಹತ್ತಿರದ ಕೆಥೆಡ್ರಲಿನ ಸಂಜೆ ಪ್ರಾರ್ಥನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಟಿಕೆಟ್ಟಿಲ್ಲ, ನಿಮ್ಮ ಧರ್ಮ ಯಾವುದೆಂದು ಕೇಳುವವರಿಲ್ಲ. ಮುಕ್ಕಾಲು ಗಂಟೆಯ ಗಾಯನ. ಈ ದೇಶ ಪುಕ್ಕಟೆ ಕೊಡುವ ಒಳ್ಳೆಯ ವಸ್ತುಗಳು ಕಡಿಮೆ, ಇದು ಅವುಗಳಲ್ಲೊಂದು.

ಕನ್ನಡದ ಕ್ಯಾರಲ್ ಎಲ್ಲಿ?

ಇಷ್ಟೆಲ್ಲ ಕೇಳುವಾಗ ಒಂದು ಕೊರತೆ ನಮ್ಮನ್ನು ಕಾಡುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜರ್ಮನ್ ರಾಗಗಳಿಗೆ ಕನ್ನಡ ಸಾಹಿತ್ಯ ಕೂಡಿಸಿ ಹಾಡುವ ಪದ್ಧತಿ ಅವರಿಂದ ಬೆಳೆಯಿತು. ನಿಘಂಟಿನ ಕಿಟೆಲ್ ಅವರಂತೂ 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಶೀ ಛಂದಸ್ಸಿಗೆ ತಂದರು. ಮಂಗಳೂರು, ಉಡುಪಿ, ಧಾರವಾಡ, ಗದಗಗಳ ಚರ್ಚುಗಳಲ್ಲಿ ಇಂದಿಗೂ ಕನ್ನಡ ಕ್ಯಾರಲ್ ಹಾಡುತ್ತಾರೆ. ಕರಾವಳಿಯಲ್ಲಿ ನಾಲ್ಕು ದನಿಗಳಲ್ಲಿ ಹಾಡಬಲ್ಲ ಹಿರಿಯರಿದ್ದಾರೆ. ಆದರೆ ಇಲ್ಲಿ ಕೂತು ಕನ್ನಡ ಕ್ಯಾರಲ್ ಹುಡುಕಿದರೆ ನಮಗೆ ಹೆಚ್ಚಾಗಿ ಸಿಗುವುದು ಕೀಬೋರ್ಡಿನ ಸಿದ್ಧ ತಾಳ, ಅದರ ಮೇಲೆ ಎಕೋ ಸುರಿದ ಒಂದು ದನಿ. ಚರ್ಚಿನ ಹೆಂಚಿನ ಮಾಡಿನ ಕೆಳಗೆ ಕೇಳುವ ಆ ತುಂಬು ದನಿ ಅದರಲ್ಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೊರಡುವ ಅನಿವಾಸಿ ಕನ್ನಡಿಗರು ನಮ್ಮಲ್ಲಿ ಸಾವಿರಾರು. ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಜೊತೆ ಒಂದು ಸಣ್ಣ ರೆಕಾರ್ಡರಿಗೆ ಜಾಗ ಮಾಡಬಾರದೇ? ಊರಿನ ಚರ್ಚಿನವರ ಒಪ್ಪಿಗೆ ಕೇಳಿ. ಅಭ್ಯಾಸದ ದಿನ ಹೋಗಿ, ಆಗ ಗದ್ದಲ ಕಡಿಮೆ. ಗಾಯಕರಿಂದ ಮೂರು ನಾಲ್ಕು ಮೀಟರ್ ದೂರ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಯಂತ್ರವಿಡಿ. ಫ್ಯಾನ್ ಆಫ್ ಮಾಡಿಸಿ. ಹಾಡು ಮುಗಿದ ಮೇಲೆ ಹತ್ತು ಎಣಿಸಿ ನಿಲ್ಲಿಸಿ. ಆಮೇಲೆ ಹಾಡು, ಹಾಡಿದವರು, ಊರು, ತಾರೀಕು ಇಷ್ಟನ್ನೂ ಬರೆದಿಡಿ. ಒಂದು ಪ್ರತಿಯನ್ನು ಹಾಡಿದವರಿಗೇ ಕೊಟ್ಟು ಬನ್ನಿ. ಹೆಸರು ಬರೆಯದ ರೆಕಾರ್ಡಿಂಗ್ ವೋಚರ್ ಇಲ್ಲದ ಖರ್ಚಿನ ಹಾಗೆ. ನಿಜವೇ ಆಗಿದ್ದರೂ ನಾಳೆ ಯಾರೂ ಒಪ್ಪುವುದಿಲ್ಲ.